ಹಂಚು ಸರಿಸಿ ಒಳಗಿಳಿದ ಮಕ್ಕಳು: ಕಳ್ಳರೇ ನಾಯಕರಾದ ಒಂದು ಮಕ್ಕಳ ಕಥೆಯ ಕುರಿತು

ಉಡುಪಿಯ ಕಥೆ ಓದುವವಳು (ಚರ್ಚೆ ಆರಂಭಿಸಿದವರು)

ಮಾನ್ಯರೇ, ಪ್ರತಿ ಶನಿವಾರ ಸಂಜೆ ನಮ್ಮ ಮನೆಯ ಜಗಲಿಯಲ್ಲಿ ಅಕ್ಕಪಕ್ಕದ ಹತ್ತು ಹನ್ನೆರಡು ಮಕ್ಕಳಿಗೆ ಕಥೆ ಓದುವ ರೂಢಿ ಇಟ್ಟುಕೊಂಡಿದ್ದೇನೆ. ಕಳೆದ ಆರು ವಾರಗಳಿಂದ ನಾನೇ ಬರೆಯುತ್ತಿರುವ ಸಾಹಸಕಥೆಯೊಂದನ್ನು ಕಂತು ಕಂತಾಗಿ ಓದುತ್ತಿದ್ದೇನೆ. ಕಥೆ ನಡೆಯುವುದು 1893ರ ಮಂಗಳೂರಿನಲ್ಲಿ. ಬಂದರಿನ ದಕ್ಕೆಯಲ್ಲಿ ಒಣಮೀನು, ಬೆಲ್ಲ, ಕೊಪ್ಪರ ಕದ್ದು ಹೊಟ್ಟೆ ಹೊರೆಯುವ ನಾಲ್ವರು ಮಕ್ಕಳ ಗುಂಪು ಅದು. ಹಿರಿಯನಿಗೆ 13 ವರ್ಷ, ಕಿರಿಯಳಿಗೆ 8. ಈ ಕಿರಿಯಳು ನೇತ್ರಾವತಿಯ ದಡದ ಒಂದು ಹಂಚಿನ ಕಾರ್ಖಾನೆಯಲ್ಲಿ ಹಸಿ ಹಂಚು ಹೊರುತ್ತಿದ್ದು, ಅಲ್ಲಿಂದ ಓಡಿ ಬಂದವಳು. ಅವಳ ತಮ್ಮ ಇನ್ನೂ ಅಲ್ಲೇ ಇದ್ದಾನೆ. ಕಾರ್ಖಾನೆಯ ಕಚೇರಿಯಲ್ಲಿರುವ ಹಾಜರಿ ಪುಸ್ತಕಗಳನ್ನು ಕದ್ದು ಮೇಲಿನವರ ಮುಂದಿಡಬೇಕೆಂಬುದು ಈ ಮಕ್ಕಳ ಹಂಚಿಕೆ.

ಪುಸ್ತಕವನ್ನೇ ಏಕೆ ಕದಿಯಬೇಕು ಎಂದು ಕೇಳುವಿರಾದರೆ, 1881ರ ಕಾರ್ಖಾನೆ ಕಾಯ್ದೆಯು 7 ವರ್ಷ ತುಂಬಿದ ಮಗುವನ್ನು ದಿನಕ್ಕೆ 9 ಗಂಟೆ ದುಡಿಸಲು ಬಿಟ್ಟಿತ್ತು. 1891ರ ತಿದ್ದುಪಡಿಯು ಆ ವಯಸ್ಸನ್ನು 9ಕ್ಕೆ ಏರಿಸಿ, 9ರಿಂದ 14ರೊಳಗಿನವರ ದುಡಿಮೆಯನ್ನು 7 ಗಂಟೆಗೆ ಇಳಿಸಿತು. ನನ್ನ ಕಥೆಯ ಕಾರ್ಖಾನೆಯಲ್ಲಿ ಆ ಕಾನೂನು ಬಂದ ಕೂಡಲೇ ಏಳು ವರ್ಷದ ಮಕ್ಕಳೆಲ್ಲ ಒಂದೇ ರಾತ್ರಿಯಲ್ಲಿ ಒಂಬತ್ತು ವರ್ಷದವರಾಗಿಬಿಡುತ್ತಾರೆ. ಹಳೆಯ ಪುಸ್ತಕವನ್ನೂ ಹೊಸ ಪುಸ್ತಕವನ್ನೂ ಮಗ್ಗುಲಲ್ಲಿಟ್ಟು ನೋಡಿದರೆ ಸುಳ್ಳು ಬಯಲಾಗುತ್ತದೆ. ನಾಲ್ಕನೆಯ ಕಂತಿನಲ್ಲಿ ಮಕ್ಕಳು ರಾತ್ರಿ ಮಾಡಿನ ಹಂಚು ಸರಿಸಿ ಕಚೇರಿಯೊಳಗಿಳಿದು ಪುಸ್ತಕಗಳನ್ನು ಕದಿಯುತ್ತಾರೆ. ಐದನೆಯ ಕಂತಿನಲ್ಲಿ, ಕಲೆಕ್ಟರರು ಕಾರ್ಖಾನೆಯ ಯಜಮಾನರ ಮನೆಯ ಊಟಕ್ಕೆ ಬಂದುಹೋಗುವವರೆಂದು ತಿಳಿದ ಮಕ್ಕಳು ಗವರ್ನರರನ್ನು ಕಾಣಲೆಂದು ಪುಸ್ತಕಗಳೊಂದಿಗೆ ರೈಲು ಹತ್ತಿ ಮದ್ರಾಸಿಗೆ ಹೊರಡುತ್ತಾರೆ.

ಕಳೆದ ವಾರ ಇಬ್ಬರು ಪೋಷಕರು ತಮ್ಮ ಮಕ್ಕಳನ್ನು ಕಳುಹಿಸಲಿಲ್ಲ. ಕಳ್ಳತನವನ್ನು ಚೆಂದ ಮಾಡಿ ಹೇಳುತ್ತಿದ್ದೇನೆ ಎಂಬುದು ಅವರ ಆಕ್ಷೇಪ. ಅದನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಹಾಗೆಂದು ಮಕ್ಕಳನ್ನು ಕಳ್ಳರಲ್ಲದವರನ್ನಾಗಿ ಮಾಡಿದರೆ ಕಥೆಯೇ ಉಳಿಯುವುದಿಲ್ಲ. ತಿಳಿದವರು ಅಭಿಪ್ರಾಯ ತಿಳಿಸಬೇಕು. ಚರಿತ್ರೆಯ ತಪ್ಪುಗಳಿದ್ದರೆ ಅವನ್ನೂ ತೋರಿಸಬೇಕು.

ಕುಂಜಿಬೆಟ್ಟಿನ ತಾಯಿ

ಆ ಇಬ್ಬರಲ್ಲಿ ಒಬ್ಬಳು ನಾನೇ, ಆದ್ದರಿಂದ ಇಲ್ಲಿಯೇ ಹೇಳಿಬಿಡುತ್ತೇನೆ ಅಕ್ಕ. ತಾವು ನಾಲ್ಕನೆಯ ಕಂತು ಓದಿದ ಮರುದಿನವೇ ನನ್ನ ಒಂಬತ್ತು ವರ್ಷದ ಮಗ ಅಜ್ಜಿಯ ಮನೆಯ ಕೊಟ್ಟಿಗೆಯ ಮಾಡಿಗೆ ಏಣಿ ಇಟ್ಟು ಒಂದು ಹಂಚು ತೆಗೆದ. ಬಿದ್ದಿದ್ದರೆ ಯಾರು ಹೊಣೆ? ಅದಕ್ಕಿಂತ ಹೆಚ್ಚಾಗಿ, ‘ಒಳ್ಳೆಯದಕ್ಕಾಗಿ ಕದ್ದರೆ ತಪ್ಪಿಲ್ಲ ಅಲ್ಲವೇ ಅಮ್ಮ’ ಎಂದು ಅವನು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಹೇಳಿಸಿಕೊಂಡು ಬೆಳೆದವರು ನಾವು. ಬಾಲಕಾರ್ಮಿಕ ಪದ್ಧತಿಯ ವಿಷಯ ಮಕ್ಕಳಿಗೆ ತಿಳಿಯಬೇಕೆಂಬುದರಲ್ಲಿ ನನ್ನ ವಿರೋಧವಿಲ್ಲ. ಆದರೆ ಅದನ್ನು ಎದುರಿಸುವವರು ಒಬ್ಬ ಮೇಷ್ಟ್ರೋ ಒಬ್ಬ ವೈದ್ಯರೋ ಆಗಬಾರದೇಕೆ?

ರಥಬೀದಿಯ ನಿವಾಸಿ

ತಾಯಿಯವರ ಆತಂಕ ಅರ್ಥವಾಗುತ್ತದೆ. ಆದರೆ ನಾವು ಬದುಕುತ್ತಿರುವ ಊರು ಯಾವುದೆಂಬುದನ್ನೂ ಸ್ವಲ್ಪ ನೆನೆಯಬೇಕು. ಕಡಗೋಲು ಹಿಡಿದು ನಿಂತ ಒಬ್ಬ ಬಾಲಕನ ಸುತ್ತ ಬೆಳೆದ ಊರು ಉಡುಪಿ. ಆ ಬಾಲಕನ ಬೆಣ್ಣೆಯ ಕಳ್ಳತನವನ್ನು ಹಾಡಿ ಹೊಗಳದ ದಾಸರಿಲ್ಲ. ವಿಟ್ಲಪಿಂಡಿಯ ದಿನ ಇದೇ ರಥಬೀದಿಯಲ್ಲಿ ಮೊಸರುಕುಡಿಕೆ ಒಡೆಯುವುದನ್ನು ನೋಡಲು ನಾವೇ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತೇವೆ. ಅದನ್ನು ನೋಡಿ ಯಾವ ಮಗುವೂ ಕಳ್ಳನಾದದ್ದನ್ನು ನಾನು ಕೇಳಿಲ್ಲ.

ಬಂಟ್ವಾಳದ ಕಡೆಯವಳು

ರಥಬೀದಿಯವರ ಮಾತು ಚೆನ್ನಾಗಿದೆ, ಆದರೆ ನಂದಗೋಪನ ಮನೆಯಲ್ಲಿ ಬೆಣ್ಣೆಗೆ ಬರವಿರಲಿಲ್ಲ. ಹೊಟ್ಟೆ ತುಂಬಿದ ಮನೆಯ ಮಗು ಕದ್ದರೆ ಅದು ಲೀಲೆ. ಹಸಿದ ಮಗು ಕದ್ದರೆ ಕಂಬಕ್ಕೆ ಕಟ್ಟಿ ಹೊಡೆಯುತ್ತಾರೆ. ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಬೇಡ.

ನಾನು ಚಿಕ್ಕವಳಿದ್ದಾಗ ಬೀಡಿ ಕಟ್ಟಿದವಳು. 1980ರ ದಶಕದಲ್ಲಿ ನಮ್ಮ ಕಡೆ ಅದು ಮನೆಮನೆಯ ಕೆಲಸ. ಶಾಲೆಯಿಂದ ಬಂದ ಕೂಡಲೇ ಗಂಜಿ ಕುಡಿದು, ಅಮ್ಮನ ಪಕ್ಕದಲ್ಲಿ ತಡ್ಪೆಯನ್ನು (ಮೊರವನ್ನು) ತೊಡೆಯ ಮೇಲಿಟ್ಟುಕೊಂಡು ಕುಳಿತರೆ ಏಳುವುದು ರಾತ್ರಿ ಒಂಬತ್ತಕ್ಕೆ. ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸುವುದು, ಹೊಗೆಸೊಪ್ಪು ತುಂಬಿ ಸುರುಳಿ ಸುತ್ತುವುದು, ತುದಿ ಮಡಚುವುದು, ನೂಲು ಕಟ್ಟುವುದು. ಇವುಗಳಲ್ಲಿ ಮಕ್ಕಳ ಕೈಗೆ ಬರುತ್ತಿದ್ದದ್ದು ತುದಿ ಮಡಚುವ ಕೆಲಸ, ಏಕೆಂದರೆ ಸಣ್ಣ ಬೆರಳಿಗೆ ಅದು ಬೇಗ ಒಲಿಯುತ್ತದೆ. ಕೂಲಿ ಸಾವಿರ ಬೀಡಿಯ ಲೆಕ್ಕ. ಬೀಡಿ ಕೊಂಡುಹೋಗಿ ಕೊಡುವ ಕಡೆ ಲೆಕ್ಕ ತೆಗೆದುಕೊಳ್ಳುವವನು ಸರಿಯಿಲ್ಲವೆಂದು ಹಿಡಿ ಬೀಡಿ ತೆಗೆದು ಬದಿಗಿಡುತ್ತಿದ್ದ. ಆ ಬೀಡಿಗೆ ಕೂಲಿಯೂ ಇಲ್ಲ, ಬೀಡಿ ವಾಪಸೂ ಇಲ್ಲ. ಒಂದು ಸಂಜೆ ಅವನು ಅತ್ತ ತಿರುಗಿದಾಗ ನಾನು ಆ ರಾಶಿಯಿಂದ ಎರಡು ಹಿಡಿ ಬಾಚಿ ಲಂಗದ ಮಡಿಲಿಗೆ ಹಾಕಿಕೊಂಡೆ. ದಾರಿಯಲ್ಲಿ ಅಮ್ಮನಿಗೆ ತೋರಿಸಿದೆ. ಅಮ್ಮ ಬೈಯಲಿಲ್ಲ, ಹೊಗಳಲೂ ಇಲ್ಲ. ಮುಂದಿನ ವಾರದ ಲೆಕ್ಕಕ್ಕೆ ಅವನ್ನು ಸೇರಿಸಿ ಕಟ್ಟಿದಳು.

ಈಗ ಕಾನೂನಿನ ವಿಷಯ. 1966ರಲ್ಲೇ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂದು ಬೀಡಿ ಕಟ್ಟುವ ಕೈಗಾರಿಕಾ ಸ್ಥಳಗಳಲ್ಲಿ ಮಕ್ಕಳನ್ನು ದುಡಿಸಬಾರದೆಂದಿತ್ತು. 1986ರ ಬಾಲಕಾರ್ಮಿಕ ಕಾಯ್ದೆಯ ನಿಷೇಧದ ಪಟ್ಟಿಯಲ್ಲೂ ಬೀಡಿ ಇತ್ತು. ಆದರೆ ಮನೆಯವರೊಂದಿಗೆ ಸೇರಿ ಮಾಡುವ ಕೆಲಸಕ್ಕೆ ಆ ನಿಷೇಧ ತಗಲುತ್ತಿರಲಿಲ್ಲ. ನಮ್ಮ ಕಾರ್ಖಾನೆ ನಮ್ಮ ಜಗಲಿಯೇ ಆಗಿತ್ತು. ಅಲ್ಲಿಗೆ ಯಾವ ಇನ್‌ಸ್ಪೆಕ್ಟರ್ ಬರಬೇಕಿತ್ತು? ಕಥೆಯಲ್ಲಿ ಒಬ್ಬ ಮೇಷ್ಟ್ರನ್ನು ತನ್ನಿ ಎಂದು ತಾಯಿಯವರು ಹೇಳಿದ್ದಾರೆ. ನನ್ನ ಮೇಷ್ಟ್ರು ಒಳ್ಳೆಯವರೇ, ಆದರೆ ಅವರ ಜೇಬಿನಲ್ಲಿದ್ದದ್ದೂ ಬೀಡಿಯೇ.

ನಿವೃತ್ತ ವಕೀಲ, ಕೊಡಿಯಾಲಬೈಲು

ಲೇಖಕಿಯವರು ಕಾರ್ಖಾನೆ ಕಾಯ್ದೆಯನ್ನು ಸರಿಯಾಗಿ ಓದಿದ್ದಾರೆ. ಅದರ ಪಕ್ಕದಲ್ಲಿ 1860ರ ಭಾರತೀಯ ದಂಡ ಸಂಹಿತೆಯನ್ನೂ ತೆರೆದಿಟ್ಟುಕೊಂಡರೆ ಕಥೆಗೆ ಬೇರೆಯೇ ಬಲ ಬರುತ್ತದೆ. ಅದರ 82ನೆಯ ಕಲಮಿನ ಪ್ರಕಾರ 7 ವರ್ಷ ತುಂಬದ ಮಗು ಮಾಡಿದ್ದು ಅಪರಾಧವೇ ಅಲ್ಲ. 7 ತುಂಬಿ 12 ತುಂಬದ ಮಗುವಿನ ವಿಷಯದಲ್ಲಿ, ಮಾಡಿದ್ದರ ಸ್ವರೂಪವನ್ನೂ ಪರಿಣಾಮವನ್ನೂ ತಿಳಿಯುವಷ್ಟು ಬುದ್ಧಿ ಬಲಿತಿರಲಿಲ್ಲವೆಂದು ಕಂಡುಬಂದರೆ ಅದನ್ನೂ ಬಿಡಬೇಕೆಂದು 83ನೆಯ ಕಲಮು ಹೇಳುತ್ತದೆ. ಅಂದರೆ 1881ರಲ್ಲಿ ಸರ್ಕಾರದ ಕಣ್ಣಿಗೆ 7 ಎಂಬುದು ಮಗು ಕಳ್ಳನಾಗಬಲ್ಲ ವಯಸ್ಸೂ ಹೌದು, ಕೂಲಿಯಾಗಬಲ್ಲ ವಯಸ್ಸೂ ಹೌದು. ಹತ್ತು ವರ್ಷಗಳ ನಂತರ ಕೂಲಿಯ ವಯಸ್ಸು 9ಕ್ಕೆ ಏರಿತು. ಕಳ್ಳನ ವಯಸ್ಸು ಮಾತ್ರ 2024ರಲ್ಲಿ ಸಂಹಿತೆಯೇ ಬದಲಾದಾಗಲೂ ಏಳರಲ್ಲೇ ನಿಂತಿತು.

ಇನ್ನು ತಮ್ಮ ನಾಲ್ವರು ಮಾಡಿದ್ದು ಬರೀ ಕಳ್ಳತನವಲ್ಲ. ಮನುಷ್ಯರು ಓಡಾಡಲೆಂದು ಮಾಡದ ದಾರಿಯಿಂದ, ಅಥವಾ ಗೋಡೆ ಕಟ್ಟಡಗಳನ್ನು ಹತ್ತಿ ಒಳಹೊಗುವುದು ಮನೆ ಒಡೆದು ನುಗ್ಗಿದ ಅಪರಾಧ. ಸೂರ್ಯಾಸ್ತದ ನಂತರ ಕಳ್ಳತನಕ್ಕೆಂದೇ ಹಾಗೆ ನುಗ್ಗಿದರೆ 457ನೆಯ ಕಲಮಿನಲ್ಲಿ 14 ವರ್ಷದವರೆಗೆ ಸಜೆ ವಿಧಿಸಬಹುದಿತ್ತು. 8 ವರ್ಷದ ಕಿರಿಯಳಿಗೆ 83ನೆಯ ಕಲಮಿನ ಆಸರೆ ಇದೆ. 13ರ ಹಿರಿಯನಿಗೆ ಅದೂ ಇಲ್ಲ. ಅವನು ಸಿಕ್ಕಿಬಿದ್ದರೆ 1864ರ ಕಾಯ್ದೆಯಂತೆ ಬೆತ್ತದ ಏಟು ಬೀಳಬಹುದು, ಇಲ್ಲವೇ 1876ರ ಕಾಯ್ದೆಯ ಪ್ರಕಾರ ಅವನನ್ನು ಬಾಲಾಪರಾಧಿಗಳನ್ನು ತಿದ್ದುವ ರಿಫಾರ್ಮೇಟರಿ ಶಾಲೆಗೆ ಕಳುಹಿಸಬಹುದು. ಅಲ್ಲಿ ಅವನಿಗೆ ಏನು ಕಲಿಸುತ್ತಿದ್ದರು? ಕೈಕೆಲಸ. ಇದನ್ನು ಹಿರಿಯನಿಗೆ ತಿಳಿದ ವಿಷಯವಾಗಿಯೂ ಕಿರಿಯಳಿಗೆ ತಿಳಿಯದ ವಿಷಯವಾಗಿಯೂ ಇಟ್ಟರೆ, ಮಾಡಿನ ಮೇಲೆ ಯಾರು ಮೊದಲು ಇಳಿಯಬೇಕು ಎಂಬ ಜಗಳಕ್ಕೆ ಅರ್ಥ ಬರುತ್ತದೆ.

ಕುಂಜಿಬೆಟ್ಟಿನ ತಾಯಿಯವರಿಗೊಂದು ಮಾತು. ಕಾನೂನಿನಲ್ಲಿ ಕಳ್ಳತನವೆನಿಸಬೇಕಾದರೆ ವಸ್ತುವನ್ನು ತೆಗೆದವನಲ್ಲಿ ಅನ್ಯಾಯವಾಗಿ ಲಾಭ ಪಡೆಯುವ ಇಲ್ಲವೇ ನಷ್ಟ ಉಂಟುಮಾಡುವ ಉದ್ದೇಶವಿರಬೇಕು. ಪುಸ್ತಕವನ್ನು ಅಧಿಕಾರಿಯ ಮುಂದಿಡಲೆಂದೇ ತೆಗೆದವರಲ್ಲಿ ಆ ಉದ್ದೇಶವಿತ್ತೇ ಎಂಬುದರ ಮೇಲೆ ನಾನು ಒಂದು ಇಡೀ ದಿನ ವಾದಿಸಬಲ್ಲೆ. ಗೆಲ್ಲುತ್ತೇನೆಂಬ ಭರವಸೆ ಕೊಡಲಾರೆ. ತಮ್ಮ ಮಗನಿಗೆ ಇದನ್ನೇ ಹೇಳಬಹುದು: ಅವನ ಪ್ರಶ್ನೆ ಸಣ್ಣದಲ್ಲ.

ಬೋಳಾರದ ಹಳೆಯ ಮನೆಯವ

ಮೊದಲು ತಪ್ಪನ್ನು ಹೇಳಿಬಿಡುತ್ತೇನೆ. 1893ರಲ್ಲಿ ಮಂಗಳೂರಿನಿಂದ ಯಾವ ರೈಲೂ ಹೊರಡುತ್ತಿರಲಿಲ್ಲ. ರೈಲು ಇಲ್ಲಿಗೆ ಬಂದದ್ದು 1907ರಲ್ಲಿ. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದರಿಂದ ಗವರ್ನರರನ್ನು ಹುಡುಕಿ ಮದ್ರಾಸಿಗೆ ಹೊರಟದ್ದು ಸರಿ, ಆದರೆ ತಮ್ಮ ಮಕ್ಕಳು ಹೋಗಬೇಕಾದದ್ದು ನಡೆದು, ಎತ್ತಿನ ಗಾಡಿಯಲ್ಲಿ, ಇಲ್ಲವೇ ಬಂದರಿನಿಂದ ಹಂಚು ತುಂಬಿಕೊಂಡು ತೆಂಕಕ್ಕೆ ಹೊರಡುವ ಮಂಜಿಯಲ್ಲಿ (ಹಾಯಿಹಡಗಿನಲ್ಲಿ) ಅಡಗಿ. ಅದಕ್ಕೂ ಕಾಲ ನೋಡಬೇಕು. ಮಳೆ ಹಿಡಿದ ಮೇಲೆ ಅಳಿವೆ ಬಾಗಿಲು ದಾಟಿ ಹಾಯಿಹಡಗು ಹೋಗುವುದಿಲ್ಲ. ಸೆಪ್ಟೆಂಬರಿನವರೆಗೆ ಬಂದರು ಮಲಗಿದಂತೆಯೇ.

ಹಂಚಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ಕಥೆಯ ಜೀವ ಅಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಲೇಖಕಿಯವರು ಅದನ್ನು ಇನ್ನೂ ಪೂರ್ತಿ ಬಳಸಿಕೊಂಡಿಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಇಲ್ಲಿ ಮೊದಲ ಹಂಚಿನ ಕಾರ್ಖಾನೆ ತೆರೆದರು. ನೇತ್ರಾವತಿ ಮತ್ತು ಗುರುಪುರ ಹೊಳೆಗಳ ದಡದ ಜೇಡಿಮಣ್ಣು, ಭಟ್ಟಿಗೆ ಬೇಕಾದ ಕಟ್ಟಿಗೆ, ಸಾಗಿಸಲು ಹೊಳೆ ಮತ್ತು ಕಡಲು, ಎಲ್ಲವೂ ಕೈಯಳತೆಯಲ್ಲಿದ್ದುದರಿಂದ ಮುಂದಿನ ಮೂವತ್ತು ವರ್ಷಗಳಲ್ಲಿ ಹೊಳೆಬದಿಯಲ್ಲಿ ಸ್ಥಳೀಯರ ಕಾರ್ಖಾನೆಗಳೂ ಸಾಲಾಗಿ ಎದ್ದವು. ಒಣಗಿಸಿ ಸುಟ್ಟ ಒಂದು ಹಂಚಿನ ತೂಕ 2ರಿಂದ 3 ಕಿಲೋ. ಅಚ್ಚಿನಿಂದ ಆಗಷ್ಟೇ ಬಂದ ಹಸಿ ಹಂಚು ಅದಕ್ಕಿಂತಲೂ ಭಾರ. ಎಂಟು ವರ್ಷದ ಹುಡುಗಿಯ ತಲೆಯ ಮೇಲೆ ನಾಲ್ಕು ಹಂಚು ಇಟ್ಟರೆ ಎಷ್ಟಾಯಿತೆಂದು ಜಗಲಿಯ ಮಕ್ಕಳೇ ಲೆಕ್ಕ ಹಾಕಲಿ. ಹಸಿ ಹಂಚಿಗೆ ಬೆರಳು ಒತ್ತಿದರೆ ಗುರುತು ಉಳಿಯುತ್ತದೆ, ಓರೆಯಾಗಿ ಹಿಡಿದರೆ ಬಾಗುತ್ತದೆ. ಆದ್ದರಿಂದ ಹೊರುವವರಿಗೆ ಅದನ್ನು ಎಲ್ಲಿ ಹಿಡಿಯಬೇಕು, ಎಲ್ಲಿ ಹಿಡಿಯಬಾರದು ಎಂಬುದು ಕೈಗೇ ಗೊತ್ತಿರಬೇಕು.

ಮಂಗಳೂರು ಹಂಚಿನ ವಿಶೇಷವೆಂದರೆ ಒಂದರ ಅಂಚು ಇನ್ನೊಂದರ ಕಾಲುವೆಯಂಥ ತಗ್ಗಿನೊಳಗೆ ಕೂರುತ್ತದೆ. ಹಿಂಭಾಗದ ಮೊಳೆಯಂಥ ಉಬ್ಬು ರೀಪಿಗೆ (ಹಂಚಿನಡಿಯ ಅಡ್ಡಪಟ್ಟಿಗೆ) ಸಿಕ್ಕಿಕೊಳ್ಳುತ್ತದೆ. ಸಾಮಾನ್ಯವಾಗಿ ಮೊಳೆ ಹೊಡೆಯುವುದಿಲ್ಲ, ಗಾರೆಯೂ ಇಲ್ಲ. ಮುಳಿಹುಲ್ಲಿನ ಮಾಡಿನಂತೆ ಬೆಂಕಿ ಹತ್ತುವ ಭಯವಿಲ್ಲವೆಂದು ಜನ ಇದನ್ನು ಮೆಚ್ಚಿಕೊಂಡರು. ಆದರೆ ಕಳ್ಳನಿಗೂ ಇದರಿಂದ ಅನುಕೂಲವಾಯಿತು. ಮುರಕಲ್ಲಿನ ದಪ್ಪ ಗೋಡೆಗೆ ಕನ್ನ ಹಾಕುವುದಕ್ಕಿಂತ ಎರಡು ಹಂಚು ಸರಿಸುವುದು ಸುಲಭ. ‘ಹಂಚು ತೆಗೆದು ಒಳನುಗ್ಗಿದ ಕಳ್ಳರು’ ಎಂಬ ಸುದ್ದಿಯನ್ನು ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ಇಂದಿಗೂ ಓದುತ್ತೇವೆ. ಎರಡು ಹಂಚು ಸರಿಸಿದರೂ ಪಕಾಸಿನ (ಮಾಡಿನ ಓರೆ ಮರಗಳ) ನಡುವೆ ಸಿಗುವ ಸಂದು ಎಷ್ಟು? ದೊಡ್ಡವರು ರೀಪು ಕತ್ತರಿಸಬೇಕು. ಮಗು ಹಾಗೆಯೇ ಇಳಿಯುತ್ತದೆ.

ಈಗ ಯೋಚಿಸಿ. ಈ ಹುಡುಗಿಗೆ ಕಾರ್ಖಾನೆಯ ಮಾಡನ್ನು ಸದ್ದಿಲ್ಲದೆ ಬಿಚ್ಚುವ ವಿದ್ಯೆ ಬಂದದ್ದು ದಕ್ಕೆಯ ಕಳ್ಳರಿಂದಲ್ಲ, ಅದೇ ಕಾರ್ಖಾನೆಯಲ್ಲಿ ಹೊತ್ತ ಹಂಚುಗಳಿಂದ. ತಮ್ಮ ನಾಲ್ಕನೆಯ ಕಂತಿನಲ್ಲಿ ಗುಂಪಿನ ಹಿರಿಯ ಅವಳಿಗೆ ಹಂಚು ಸರಿಸುವುದನ್ನು ಹೇಳಿಕೊಡುವಂತೆ ಬರೆದಿದ್ದೀರಿ ಎಂದು ಇಲ್ಲಿಯ ಗೆಳೆಯರೊಬ್ಬರಿಂದ ತಿಳಿಯಿತು. ಅದನ್ನು ತಿರುಗಿಸಬೇಕು, ಹೇಳಿಕೊಡಬೇಕಾದವಳು ಅವಳು.

ಇತಿಹಾಸ ಬೋಧಕ, ಮಂಗಳೂರು

ಬೋಳಾರದವರ ಮಾತಿಗೆ ನನ್ನ ಸಂಪೂರ್ಣ ಸಹಮತವಿದೆ. ನನ್ನ ಕಡೆಯಿಂದ ಮೂರು ಎಚ್ಚರಿಕೆಗಳು.

ಕಾರ್ಖಾನೆಗೆ ಯಾವುದೇ ನಿಜವಾದ ಹೆಸರು ಬೇಡ. ಹಂಚಿನ ಮೇಲೆ ಅಚ್ಚೊತ್ತಿದ ಹೆಸರುಗಳು ಇಂದಿಗೂ ನಮ್ಮ ತಲೆಯ ಮೇಲಿವೆ. ಆ ಕುಟುಂಬಗಳೂ ಇಲ್ಲಿಯೇ ಇವೆ. ಕಲ್ಪಿಸಿದ ಸುಳ್ಳು ಪುಸ್ತಕವನ್ನು ನಿಜವಾದ ಒಬ್ಬರ ಮೇಜಿನ ಮೇಲೆ ಇಡುವುದು ನ್ಯಾಯವಲ್ಲ.

ನಾಲ್ವರು ಕಳ್ಳರನ್ನು ಒಂದೇ ಜಾತಿಗೆ ಅಂಟಿಸದಿರಿ. 1871ರ ಕಾಯ್ದೆಯೊಂದು ಹುಟ್ಟಿನಿಂದಲೇ ಕೆಲವು ಸಮುದಾಯಗಳನ್ನು ಅಪರಾಧಿಗಳೆಂದು ಪಟ್ಟಿ ಮಾಡಿತು. ಆ ಕಳಂಕ ಕಾಗದದ ಮೇಲೆ ಅಳಿದದ್ದು 1952ರಲ್ಲಿ. ದಕ್ಕೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಮಲಯಾಳ ಎಲ್ಲವೂ ಕೇಳಿಬರುತ್ತಿದ್ದವು. ಗುಂಪಿನೊಳಗೂ ಹಾಗೆಯೇ ಇರಲಿ.

ಮೂರನೆಯದು ಕಠಿಣವಾದದ್ದು. ಪುಸ್ತಕ ಅಧಿಕಾರಿಯ ಕೈಸೇರಿ ಮಕ್ಕಳನ್ನೆಲ್ಲ ಹೊರಗೆ ಕಳುಹಿಸಿದರೆ, ಅವರು ಹೋಗುವುದೆಲ್ಲಿಗೆ? ಧಣಿಯ ಗದ್ದೆಯಲ್ಲಿ ಗಂಜಿಗಾಗಿ ದುಡಿಯುತ್ತಿದ್ದ ಮನೆಗಳಿಗೆ ಕಾರ್ಖಾನೆಯ ಕೂಲಿ ಎಂದರೆ ಕೈಗೆ ಬಂದ ಮೊದಲ ಕಾಸು. ಗದ್ದೆಯಲ್ಲಿ ದುಡಿಯುವ ಮಗುವಿಗೆ 1881ರ ಕಾಯ್ದೆಯೂ ಇರಲಿಲ್ಲ, 1891ರದೂ ಇರಲಿಲ್ಲ. 1892ರಲ್ಲಿ ಕುದ್ಮುಲ್ ರಂಗರಾಯರು ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದಿದ್ದರು; ತಮ್ಮ ಕಥೆಯ ಕಾಲಕ್ಕೆ ಅದಕ್ಕಿನ್ನೂ ಒಂದು ವರ್ಷ. ಊರಿನ ಮೇಲ್ಜಾತಿಯವರ ಬಹಿಷ್ಕಾರವನ್ನು ಅವರು ಎದುರಿಸಬೇಕಾಯಿತು. ಹಾಗಿರುವಾಗ ಈ ನಾಲ್ವರು ಪುಸ್ತಕ ಕದ್ದ ಸುದ್ದಿ ಹಬ್ಬಿದರೆ ಮೊದಲು ಬಾಗಿಲು ಹಾಕಿಕೊಳ್ಳುವವಳು ಯಜಮಾನನ ಹೆಂಡತಿಯಲ್ಲ, ಕಿರಿಯಳ ಸ್ವಂತ ತಾಯಿಯೇ ಇರಬಹುದು. ಮಗನ ಕೂಲಿ ನಿಂತರೆ ಅವಳ ಒಲೆ ಉರಿಯುವುದಿಲ್ಲ.

ಇಂಗ್ಲೆಂಡಿನಲ್ಲೂ ಚಿಮಣಿ ಗುಡಿಸುವ ಹುಡುಗರ ಕಥೆ ಇದೇ. 1840ರ ಕಾಯ್ದೆ 21 ವರ್ಷಕ್ಕಿಂತ ಚಿಕ್ಕವರು ಚಿಮಣಿಯೊಳಗೆ ಹತ್ತಬಾರದೆಂದಿತು. ನೋಡುವವರಿಲ್ಲದೆ ಮಾಲೀಕರು ಹತ್ತಿಸುತ್ತಲೇ ಹೋದರು. 1875ರಲ್ಲಿ ಕೇಂಬ್ರಿಜ್ ಬಳಿ ಹುಡುಗನೊಬ್ಬ ಚಿಮಣಿಯೊಳಗೆ ಸಿಕ್ಕಿಕೊಂಡು ಸತ್ತ ಮೇಲಷ್ಟೇ ಕಾನೂನಿಗೆ ಹಲ್ಲು ಬಂತು. ನಮ್ಮಲ್ಲಿ 1881ರ ಕಾಯ್ದೆಯ ಪ್ರಕಾರ, ಬೇರೆ ಇನ್‌ಸ್ಪೆಕ್ಟರನ್ನು ನೇಮಿಸದ ಕಡೆ ಜಿಲ್ಲಾ ಮ್ಯಾಜಿಸ್ಟ್ರೇಟರೇ ಆ ಕೆಲಸವನ್ನೂ ನೋಡಿಕೊಳ್ಳಬೇಕಿತ್ತು. ಅವರ ಉಳಿದ ಕೆಲಸಗಳ ನಡುವೆ ಅದಕ್ಕೆ ಎಷ್ಟು ಹೊತ್ತು ಸಿಕ್ಕೀತು?

ರಥಬೀದಿಯ ನಿವಾಸಿ

ಬಂಟ್ವಾಳದ ಕಡೆಯವರ ಮಾತಿಗೆ ನಾನು ತಲೆಬಾಗುತ್ತೇನೆ. ಲೇಖಕಿಯವರಲ್ಲಿ ಒಂದು ವಿನಂತಿ ಮಾತ್ರ: ಕೊನೆಯಲ್ಲಿ ಯಾರಾದರೂ ಎದ್ದು ನಿಂತು ನಿಜವಾದ ಕಳ್ಳ ಯಜಮಾನನೇ ಎಂದು ಭಾಷಣ ಮಾಡುವುದು ಬೇಡ. ಜಗಲಿಯ ಮಕ್ಕಳಿಗೆ ಅದು ಮೊದಲ ಕಂತಿನಲ್ಲೇ ತಿಳಿದಿರುತ್ತದೆ.

ಉಡುಪಿಯ ಕಥೆ ಓದುವವಳು

ಎಲ್ಲರಿಗೂ ಕೃತಜ್ಞತೆಗಳು. ಈ ವಾರ ಕೂತು ಬಹಳಷ್ಟನ್ನು ಬದಲಿಸಿದೆ. ರೈಲು ಹೋಯಿತು. ಕಳ್ಳತನವನ್ನು ಮೊದಲ ಮಳೆಯ ಹಿಂದಿನ ರಾತ್ರಿಗೆ ಇಟ್ಟಿದ್ದೇನೆ. ಮಂಜಿ ಹತ್ತುವಷ್ಟರಲ್ಲಿ ಕಡಲು ಏಳುತ್ತದೆ; ಮಕ್ಕಳು ನಾಲ್ಕು ತಿಂಗಳು ಅದೇ ಊರಿನಲ್ಲಿ, ಅದೇ ಯಜಮಾನನ ಕಣ್ಣೆದುರಿನಲ್ಲಿ ಪುಸ್ತಕಗಳನ್ನು ಬಚ್ಚಿಟ್ಟುಕೊಂಡು ಇರಬೇಕಾಗುತ್ತದೆ. ಒದ್ದೆಯಾಗದಂತೆ ಅವನ್ನು ಇಡುವುದು ಎಲ್ಲಿ ಎಂಬುದೇ ಈಗ ಕಥೆಯ ಅರ್ಧ ಭಾಗವಾಗಿದೆ. ತಾಯಿ ಬಾಗಿಲು ಹಾಕಿಕೊಳ್ಳುವ ದೃಶ್ಯವನ್ನೂ ಬರೆದೆ. ಅದನ್ನು ಬರೆಯುವಾಗ ಬಂಟ್ವಾಳದ ಕಡೆಯವರ ತಾಯಿ, ಬೈಯದೆ ಹೊಗಳದೆ ಬೀಡಿಯನ್ನು ಲೆಕ್ಕಕ್ಕೆ ಸೇರಿಸಿದವರು, ನನ್ನ ಕಣ್ಣೆದುರು ಇದ್ದರು. ನನ್ನ ಕಥೆಯ ತಾಯಿಯೂ ಬಾಗಿಲನ್ನು ಪೂರ್ತಿ ಹಾಕುವುದಿಲ್ಲ. ಯಾರು ಯಾರಿಗೆ ಹಂಚಿನ ವಿದ್ಯೆ ಹೇಳಿಕೊಡುತ್ತಾರೆ ಎಂಬುದನ್ನು ಬೋಳಾರದವರು ಹೇಳಿದಂತೆ ತಿರುಗಿಸಿದ್ದೇನೆ.

ನಿನ್ನೆ ಈ ಹೊಸ ನಾಲ್ಕನೆಯ ಕಂತನ್ನು ಮತ್ತೆ ಓದಿದಾಗ ಕುಂಜಿಬೆಟ್ಟಿನ ಹುಡುಗ ಬಂದಿದ್ದ. ಎಲ್ಲ ಮುಗಿದ ಮೇಲೆ ಅವನು ಕೇಳಿದ್ದು ಒಂದೇ ಪ್ರಶ್ನೆ: ಹೊರಗೆ ಬಂದ ಮೇಲೆ ಅವರು ಹಂಚನ್ನು ವಾಪಸು ಇಟ್ಟರೇ? ಇಡದಿದ್ದರೆ ಬೆಳಿಗ್ಗೆ ಗುಮಾಸ್ತನ ಮೇಜೆಲ್ಲ ನೀರಾಗಿ ಗೊತ್ತಾಗಿಬಿಡುತ್ತದಲ್ಲ? ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಬೋಳಾರದವರೇ, ಮೇಲಿನಿಂದ ಒಬ್ಬಳೇ ಹುಡುಗಿ ಕತ್ತಲಲ್ಲಿ ಅದನ್ನು ಇಡಲು ಸಾಧ್ಯವೇ?

ಬೋಳಾರದ ಹಳೆಯ ಮನೆಯವ

ಸಾಧ್ಯ. ಮೇಲಿನ ಸಾಲಿನ ಹಂಚಿನ ತುದಿಯನ್ನು ಒಂದು ಕೈಯಲ್ಲಿ ಸ್ವಲ್ಪ ಎತ್ತಿ ಹಿಡಿದು, ತೆಗೆದ ಹಂಚನ್ನು ಅದರ ಅಡಿಗೆ ಜಾರಿಸಿ, ಹಿಂಭಾಗದ ಉಬ್ಬು ರೀಪಿಗೆ ಸಿಕ್ಕಿತೆಂದು ಕೈಗೆ ತಿಳಿದ ಮೇಲೆ ಕೆಳಗೆ ಬಿಡಬೇಕು. ಅವಸರ ಮಾಡಿದರೆ ಸದ್ದಾಗುತ್ತದೆ, ಅಂಚೂ ಒಡೆಯುತ್ತದೆ. ದೊಡ್ಡ ಕೈಗಿಂತ ಸಣ್ಣ ಕೈಗೆ ಇದು ಸುಲಭ.

ಕುಂಜಿಬೆಟ್ಟಿನ ತಾಯಿ

ಅವನು ಆ ಪ್ರಶ್ನೆ ಕೇಳಿದ್ದೇಕೆಂದು ನನಗೆ ಗೊತ್ತು. ಕೊಟ್ಟಿಗೆಯ ಹಂಚನ್ನು ತೆಗೆದವನು ವಾಪಸು ಇಡಲು ಬಾರದೆ ಹಾಗೆಯೇ ಬಿಟ್ಟು ಇಳಿದಿದ್ದ. ಆ ರಾತ್ರಿ ಮಳೆ ಬಂದು ಬೈಹುಲ್ಲೆಲ್ಲ ನೆನೆಯಿತು. ಮರುದಿನ ಅಜ್ಜಿ ತಾವೇ ಏಣಿ ಹಿಡಿದು ನಿಂತು, ಅವನ ಕೈಯಿಂದಲೇ ಹಂಚನ್ನು ಇಡಿಸಿದರು. ಮೂರು ಸಲ ಜಾರಿತಂತೆ. ಮುಂದಿನ ಶನಿವಾರ ಅವನ ತಂಗಿಯನ್ನೂ ಕಳುಹಿಸುತ್ತೇನೆ ಅಕ್ಕ. ಏಣಿಯನ್ನು ಮಾತ್ರ ಅಟ್ಟಕ್ಕೆ ಹಾಕಿ ಬೀಗ ಹಾಕಿದ್ದೇವೆ.